ಎಲ್ಲರಿಗೂ ಅಡ್ಮಿನ್ ಪಟ್ಟ ಬೇಡ

ವರ್ಡ್‌ಪ್ರೆಸ್‌ನಲ್ಲಿ ಸಂಘದ ಜಾಲತಾಣ ನಡೆಸುತ್ತಿರುವವರು ಇವತ್ತೇ ಬಳಕೆದಾರರ ಪಟ್ಟಿ ತೆರೆದು, ಯಾರ ಹೆಸರಿನ ಮುಂದೆ ‘ಅಡ್ಮಿನಿಸ್ಟ್ರೇಟರ್’ ಎಂದಿದೆ ನೋಡಿ. ನಮ್ಮ ತಾಣದಲ್ಲಿ ಏಳು ಜನರಿದ್ದರು. ಅವರಲ್ಲಿ ಮೂವರು ಸಂಘ ಬಿಟ್ಟು ಎರಡು ವರ್ಷವಾಗಿತ್ತು! ಅಡ್ಮಿನ್ ಎಂದರೆ ಮನೆಯ ಬೀಗದ ಕೈ ಗೊಂಚಲೇ ಸಿಕ್ಕಂತೆ. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ಹಾಕಬಹುದು, ಥೀಮ್ (ತಾಣದ ವಿನ್ಯಾಸ) ಬದಲಿಸಬಹುದು, ನಿಮ್ಮನ್ನೇ ಹೊರಹಾಕಬಹುದು. ಅಂಥವರಲ್ಲಿ ಒಬ್ಬರ ಪಾಸ್‌ವರ್ಡ್ ಸೋರಿದರೂ ಇಡೀ ತಾಣ ಪರರ ಪಾಲು.

ವರದಿ ಬರೆದುಕೊಡುವವರಿಗೆ ‘ಕಾಂಟ್ರಿಬ್ಯೂಟರ್’ ಎಂಬ ಕೆಳಗಿನ ದರ್ಜೆ ಸಾಕು. ಅವರು ಬರೆಯಬಹುದು, ಪ್ರಕಟಿಸಲಾಗದು. ಚಿತ್ರವನ್ನೂ ಏರಿಸಲಾಗದು, ಇದು ತಿಳಿಯದೆ ‘ಫೋಟೊ ಹೋಗುತ್ತಿಲ್ಲ’ ಎಂದು ಎಷ್ಟೋ ಜನ ಪರದಾಡುತ್ತಾರೆ. ನಂಬಿಕೆಯವರಾದರೆ ‘ಆಥರ್’ ಮಾಡಿ, ಸ್ವಂತ ಬರಹವನ್ನು ಚಿತ್ರಸಹಿತ ತಾವೇ ಪ್ರಕಟಿಸುತ್ತಾರೆ. ಎಲ್ಲರ ಬರಹ ತಿದ್ದುವವರಿಗೆ ‘ಎಡಿಟರ್’.

ಬಿಟ್ಟುಹೋದವರ ಖಾತೆ ಅಳಿಸುವಾಗ ಮಾತ್ರ ಅವಸರ ಬೇಡ. ಅವರ ಬರಹಗಳನ್ನು ಏನು ಮಾಡಬೇಕೆಂದು ವರ್ಡ್‌ಪ್ರೆಸ್ ಕೇಳುತ್ತದೆ. ಅಳಿಸು ಎಂದರೆ ವರ್ಷಗಳ ವರದಿಗಳು ತಾಣದಿಂದ ಮಾಯವಾಗುತ್ತವೆ. ದಯವಿಟ್ಟು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಆಯ್ಕೆಯನ್ನೇ ಒತ್ತಿ.

ಅಡ್ಮಿನ್ ಇಬ್ಬರಿರಲಿ, ಒಬ್ಬರು ಊರಲ್ಲಿಲ್ಲದಾಗ ಕೆಲಸ ನಿಲ್ಲಬಾರದು. ದಿನನಿತ್ಯದ ಬರವಣಿಗೆಗೆ ಅವರೂ ಬೇರೆ ಎಡಿಟರ್ ಖಾತೆಯಿಂದಲೇ ಒಳಬರಲಿ.