ರಾತ್ರಿ ಪದೇ ಪದೇ ಏಳುವ ಕೂಸು: ಹಾಲು ಸಾಲ್ತಿಲ್ಲ ಅನ್ನೋ ಮುಂಚೆ ಇಷ್ಟು ನೋಡಿ

ನನ್ನ ಮಗಳಿಗೆ ಈಗ ಎಂಟು ತಿಂಗಳು. ಬಾಣಂತನಕ್ಕೆ ಚಳ್ಳಕೆರೆ ಹತ್ತಿರದ ತವರಿಗೆ ಹೋಗಿದ್ದೆ, ಮೂರು ತಿಂಗಳು ತುಂಬಿದ ಮೇಲೆ ದಾವಣಗೆರೆಗೆ ಬಂದೆ. ಮೊದಲ ಆರು ವಾರದಲ್ಲಿ ಒಂದೇ ಸಲಕ್ಕೆ ಎರಡು ಗಂಟೆ ನಿದ್ದೆ ಮಾಡಿದ ನೆನಪೇ ನನಗಿಲ್ಲ. ಕೂಸು ಏಳುತ್ತಿತ್ತು, ಅಳುತ್ತಿತ್ತು, ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಕುಡಿದು ಕಣ್ಣು ಮುಚ್ಚುತ್ತಿತ್ತು, ಕೆಳಗೆ ಮಲಗಿಸಿದ ತಕ್ಷಣ ಮತ್ತೆ ಅಳು. ಅವ್ವ ಒಂದೇ ಮಾತು ಹೇಳುತ್ತಿದ್ದಳು: "ಹಾಲು ಸಾಲ್ತಿಲ್ಲ ಕಣೇ, ಅದಕ್ಕೇ ಅಳ್ತೈತೆ."

ಹನ್ನೆರಡನೇ ದಿನ ಪೌಡರ್ ಡಬ್ಬಿ ಬಂತು, ಬಾಟಲಿ ಬಂತು. ಹದಿನಾಲ್ಕನೇ ದಿನ ಊರಿನ ಆಶಾ ಅಕ್ಕ ಬಂದು ಕೂಸನ್ನು ತೂಗಿದರು. ಹುಟ್ಟಿದಾಗ 2 ಕೆಜಿ 900 ಗ್ರಾಂ ಇದ್ದ ಮಗು 3 ಕೆಜಿ ಆಗಿತ್ತು. ಪೌಡರ್ ಶುರುವಾಗಿ ಎರಡೇ ದಿನ, ಅಂದರೆ ಆ ತೂಕ ಬಹುಪಾಲು ನನ್ನ ಹಾಲಿನಿಂದಲೇ ಬಂದದ್ದು. ಹಾಲು ಸಾಲುತ್ತಿತ್ತು. ಅದನ್ನು ನೋಡಿ ತಿಳಿಯುವುದು ಹೇಗೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಆ ಎರಡು ವಾರದಲ್ಲಿ ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೂಸು ಯಾಕೆ ಏಳುತ್ತದೆ ಅನ್ನುವುದು. ಹುಟ್ಟಿದ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು 5–7 ಮಿಲಿ, ಒಂದು ಸಣ್ಣ ಚಮಚದಷ್ಟು. ವಾರ ಕಳೆಯುವ ಹೊತ್ತಿಗೆ 45–60 ಮಿಲಿ ಆಗುತ್ತದೆ. ಎದೆಹಾಲು ಬೇಗ ಜೀರ್ಣ ಆಗುತ್ತದೆ, ಎರಡು ಗಂಟೆಯಲ್ಲಿ ಹೊಟ್ಟೆ ಖಾಲಿ. ಹಾಗಾಗಿ 24 ಗಂಟೆಯಲ್ಲಿ 8 ರಿಂದ 12 ಸಲ ಕುಡಿಯುವುದು ಸಹಜ. ಅದರಲ್ಲಿ ನಾಲ್ಕೈದು ಸಲ ರಾತ್ರಿಯೇ ಬೀಳುತ್ತದೆ, ಯಾಕೆಂದರೆ ಹಗಲು ರಾತ್ರಿಯ ಲೆಕ್ಕ ಮಗುವಿಗೆ ಕೂರುವುದು ಎರಡು ಮೂರು ತಿಂಗಳಾದ ಮೇಲೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ರಾತ್ರಿ ಕುಡಿಸಿದಷ್ಟೂ ನಾಳೆಯ ಹಾಲು ಹೆಚ್ಚುತ್ತದೆ. ರಾತ್ರಿ ಬಾಟಲಿ ಕೊಟ್ಟು ತಾಯಿಯನ್ನು ಮಲಗಿಸಿದರೆ ಒಂದೇ ವಾರದಲ್ಲಿ ಹಗಲಿನ ಹಾಲೂ ಇಳಿಯಬಹುದು. ನನಗೆ ಆದದ್ದು ಅದೇ.

ಸಾಲುತ್ತಿದೆಯೋ ಇಲ್ಲವೋ ಅನ್ನುವುದನ್ನು ಅಳುವಿನಿಂದ ಅಳೆಯಬೇಡಿ. ಉಚ್ಚೆ ಎಣಿಸಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದನೇ ದಿನದಿಂದ 24 ಗಂಟೆಗೆ ಆರು ಅಥವಾ ಅದಕ್ಕಿಂತ ಹೆಚ್ಚು ಬಟ್ಟೆ ಒದ್ದೆ ಆದರೆ ಹಾಲು ಹೋಗುತ್ತಿದೆ ಅಂತಲೇ ಅರ್ಥ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲಿನಿಂದ ಗೀಟು ಹಾಕುತ್ತಾ ಹೋಗಿ. ಡೈಪರ್ ಹಾಕಿದರೆ ಲೆಕ್ಕ ಸಿಗುವುದಿಲ್ಲ, ಮೊದಲ ಎರಡು ವಾರವಾದರೂ ಹಳೇ ಕಾಟನ್ ಸೀರೆಯ ಬಟ್ಟೆಯೇ ಒಳ್ಳೆಯದು. ಮೊದಲು ಡಾಂಬರಿನ ಹಾಗೆ ಕಪ್ಪಗೆ ಹೋಗುವ ಕಕ್ಕ ನಾಲ್ಕೈದು ದಿನಕ್ಕೆ ಹಳದಿಗೆ ತಿರುಗಬೇಕು.

ಆಮೇಲೆ ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ತೂಕ ಕಳೆದುಕೊಳ್ಳುತ್ತವೆ, ನೂರಕ್ಕೆ ಏಳರಷ್ಟು ಇಳಿದರೂ ಹೆದರಬೇಕಿಲ್ಲ. ಹತ್ತು ದಾಟಿದರೆ ಡಾಕ್ಟರ್ ನೋಡಲೇಬೇಕು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದು, ಅಲ್ಲಿಂದ ದಿನಕ್ಕೆ 20–30 ಗ್ರಾಂ ಏರಬೇಕು. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಅವರು ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ. ತವರಿಗೆ ಹೋಗಿದ್ದರೆ ಅಲ್ಲಿನ ಆಶಾ ಅಕ್ಕನಿಗೆ ನೀವೇ ಹೇಳಿ ಕಳಿಸಿ, ಗಂಡನ ಊರಿನ ಲೆಕ್ಕದಲ್ಲಿ ಹೆಸರು ಇದ್ದು ಇಲ್ಲಿ ಯಾರಿಗೂ ಗೊತ್ತೇ ಆಗದೆ ಉಳಿಯುವುದುಂಟು.

ಈಗ ಎದೆಗೆ ಹಾಕಿಕೊಳ್ಳುವ ರೀತಿ. ಇದರ ಮೇಲೆ ಜಾಸ್ತಿ ಬರೆಯುತ್ತೇನೆ, ನಮ್ಮ ಮನೆಯ ಅರ್ಧ ತೊಂದರೆ ಇಲ್ಲೇ ಇತ್ತು. ನನ್ನ ಕೂಸು ಬರೀ ತೊಟ್ಟನ್ನು ಹಿಡಿದು ಚೀಪುತ್ತಿತ್ತು. ಹಾಗೆ ಹಿಡಿದರೆ ತೊಟ್ಟು ಒಡೆಯುತ್ತದೆ, ಪ್ರಾಣ ಹೋಗುವಷ್ಟು ನೋವು, ಮಗುವಿಗೂ ಹಾಲು ಸರಿಯಾಗಿ ಬರುವುದಿಲ್ಲ. ಎಳೆದು ಎಳೆದು ಸುಸ್ತಾಗಿ ನಿದ್ದೆ ಹೋಗುತ್ತದೆ, ಹೊಟ್ಟೆ ತುಂಬದೆ ಅರ್ಧ ಗಂಟೆಗೆ ಏಳುತ್ತದೆ. ಆಶಾ ಅಕ್ಕ ಪಕ್ಕದಲ್ಲಿ ಕೂತು ಒಂದು ಸಲ ಕುಡಿಸುವುದನ್ನು ಪೂರ್ತಿ ನೋಡಿದರು. "ಕೂಸಿನ ಹತ್ರ ನೀನು ಬಗ್ಗಬೇಡಮ್ಮಾ, ಕೂಸನ್ನ ನಿನ್ನ ಹತ್ರ ತಗೋ" ಅಂದರು. ಬೆನ್ನಿಗೆ ಗೋಡೆ, ಮಡಿಲಲ್ಲಿ ದಿಂಬು. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಬೇಕು, ಕತ್ತು ಒಂದು ಕಡೆ ತಿರುಚಿರಬಾರದು. ತೊಟ್ಟಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿ, ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾಯಿರಿ, ತೆರೆದ ಕೂಡಲೇ ಮಗುವನ್ನು ಹತ್ತಿರ ಎಳೆದುಕೊಳ್ಳಿ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳಗಿನ ಭಾಗ ಜಾಸ್ತಿ ಹೋಗಬೇಕು. ಗದ್ದ ಎದೆಗೆ ತಾಗಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ಮೂಗು ಬಿಡುವಾಗಿರಬೇಕು. ಸರಿ ಹಿಡಿದಿದ್ದರೆ ಗುಟುಕು ನುಂಗುವ ಸದ್ದು ಕೇಳುತ್ತದೆ, ಕೆನ್ನೆ ಒಳಗೆ ಹೋಗುವುದಿಲ್ಲ. ನೋವಾಗುತ್ತಿದ್ದರೆ ಹಲ್ಲು ಕಚ್ಚಿಕೊಂಡು ಮುಂದುವರಿಸಬೇಡಿ, ಕಿರುಬೆರಳನ್ನು ಮಗುವಿನ ಬಾಯಿ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಮೊದಲ ದಿನ ನಾನು ಒಂದೇ ಸಲಕ್ಕೆ ಆರೇಳು ಬಾರಿ ಬಿಡಿಸಿ ಹಿಡಿಸಿದೆ. ಮೂರನೇ ದಿನಕ್ಕೆ ನೋವು ಇಳಿಯಿತು.

ಒಂದು ಎದೆ ಹಗುರ ಆಗುವ ತನಕ ಕುಡಿಸಿ ಆಮೇಲೆ ಇನ್ನೊಂದು ಕಡೆ ಕೊಡಿ. ಮಧ್ಯದಲ್ಲಿ ನಿದ್ದೆ ಹೋದರೆ ಅಂಗಾಲು ಸವರಿ, ಹೊದಿಕೆ ತೆಗೆಯಿರಿ, ತೇಗು ಬರಿಸಿ ಇನ್ನೊಂದು ಕಡೆ ಹಾಕಿ. ಎದೆ ಕಲ್ಲಿನ ಹಾಗೆ ಕಟ್ಟಿಕೊಂಡಿದ್ದರೆ ಮಗುವಿಗೆ ಹಿಡಿಯಲು ಆಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು, ಸ್ವಲ್ಪ ಹಾಲು ಕೈಯಲ್ಲಿ ಹಿಂಡಿ ಮೆತ್ತಗಾದ ಮೇಲೆ ಕೊಡಿ. ಒಂದು ಕಡೆ ಕೆಂಪಾಗಿ ನೋವು, ಚಳಿಜ್ವರ ಬಂದರೆ ಅದು ಸೋಂಕು ಇರಬಹುದು. ಡಾಕ್ಟರ್ ಹತ್ತಿರ ಹೋಗಿ, ಆದರೆ ಆ ಕಡೆ ಕುಡಿಸುವುದನ್ನು ನಿಲ್ಲಿಸಬೇಡಿ. ಇಷ್ಟೆಲ್ಲ ಮಾಡಿದರೂ ಹಿಡಿಯದಿದ್ದರೆ ಮಗುವಿನ ನಾಲಿಗೆ ಕೆಳಗೆ ಅಂಟಿದೆಯಾ ಅಂತ ಡಾಕ್ಟರ್‌ಗೆ ತೋರಿಸಿ.

ರಾತ್ರಿಗೆ ತಯಾರಿ ಸಂಜೆಯೇ ಆಗಬೇಕು. ಕೈಗೆ ಎಟಕುವ ಹಾಗೆ ಒಂದು ಚೊಂಬು ನೀರು, ನಾಲ್ಕು ಬಟ್ಟೆ, ಒರೆಸಲು ಒಂದು ಟವೆಲ್, ಹಸಿವಾದರೆ ಒಂದು ಅಂಟಿನುಂಡೆ. ಝೀರೋ ಬಲ್ಬು ಸಾಕು, ಟ್ಯೂಬ್‌ಲೈಟ್ ಹಾಕಬೇಡಿ. ಮಗುವಿನ ಜೊತೆ ಮಾತು, ಆಟ ಎಲ್ಲ ಹಗಲಿಗೆ. ಅಳು ಹಸಿವಿನ ಕೊನೆಯ ಗುರುತು. ಅದಕ್ಕೆ ಮುಂಚೆ ತಲೆ ಆಚೀಚೆ ತಿರುಗಿಸುವುದು, ಕೈ ಬಾಯಿಗೆ ಹಾಕುವುದು, ಚಪ್ಪರಿಸುವುದು ಇರುತ್ತದೆ. ಆಗಲೇ ಎತ್ತಿಕೊಂಡರೆ ಅರೆನಿದ್ದೆಯಲ್ಲೇ ಕುಡಿದು ಮಲಗುತ್ತದೆ, ಅತ್ತು ಕೆಂಪಾದ ಮೇಲೆ ಸಮಾಧಾನ ಮಾಡುವುದಕ್ಕೇ ಅರ್ಧ ಗಂಟೆ ಹೋಗುತ್ತದೆ. ಆದರೆ ಹುಟ್ಟಿದ ತೂಕ ವಾಪಸ್ ಬರುವ ತನಕ ಮೂರು ಗಂಟೆ ದಾಟಿದರೆ ನೀವೇ ಎಬ್ಬಿಸಿ ಕುಡಿಸಬೇಕು. ತೂಕ ಕಡಿಮೆ ಇರುವ ಮಗುವಿಗೆ, ಕಾಮಾಲೆ ಇರುವ ಮಗುವಿಗೆ ಇದು ಇನ್ನೂ ಮುಖ್ಯ.

ಕುಡಿಸುವುದು ತಾಯಿ ಒಬ್ಬಳೇ ಮಾಡುವ ಕೆಲಸ, ಮಿಕ್ಕ ಯಾವುದೂ ಅಲ್ಲ. ನಮ್ಮ ಮನೆಯಲ್ಲಿ ಕೊನೆಗೆ ಹೀಗೆ ಹಂಚಿಕೊಂಡೆವು: ರಾತ್ರಿ ಒಂಬತ್ತಕ್ಕೆ ಕುಡಿಸಿ ನಾನು ಮಲಗಿಬಿಡುತ್ತಿದ್ದೆ, ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು ಎಲ್ಲ ಮುಂದಿನ ಹಸಿವಿನ ತನಕ ಅವ್ವಂದು, ಶನಿವಾರ ಭಾನುವಾರ ದಾವಣಗೆರೆಯಿಂದ ಬಂದಾಗ ನಮ್ಮ ಮನೆಯವರದು. ಒಂಬತ್ತರಿಂದ ಹನ್ನೊಂದೂವರೆ ತನಕ ಸಿಕ್ಕ ಆ ನಿದ್ದೆಯಿಂದಲೇ ನಾನು ಉಳಿದೆ. ಹಗಲು ಕೂಸು ನೋಡಲು ಬರುವವರಿಗೆ ಸಂಜೆ ನಾಲ್ಕರ ಮೇಲೆ ಬನ್ನಿ ಅಂತ ಅವ್ವನ ಕೈಲೇ ಹೇಳಿಸಿದೆ. ಬೇಜಾರು ಮಾಡಿಕೊಂಡವರೂ ಇದ್ದಾರೆ, ಇರಲಿ.

ಸಂಜೆ ಆರರಿಂದ ಹತ್ತರ ತನಕ ಒಂದೇ ಸಮ ಎದೆ ಕೇಳುವುದು, ಕಾರಣವಿಲ್ಲದೆ ಅಳುವುದು ಆರನೇ ವಾರದ ಹೊತ್ತಿಗೆ ತುಂಬಾ ಜಾಸ್ತಿ ಆಗಿ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ದೃಷ್ಟಿ ತೆಗೆಯಿರಿ, ಅದರಿಂದ ಮನೆಯವರಿಗೆ ಸಮಾಧಾನ. ಆದರೆ ಲೋಬಾನದ ಹೊಗೆ ಕೂಸಿಗೆ ಹಾಕಿಸಬೇಡಿ, ಎಳೇ ಶ್ವಾಸಕೋಶಕ್ಕೆ ಅದು ತಡೆಯುವುದಿಲ್ಲ. ಬರೀ ಮೈಗೆ ಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಂಡರೆ ಎಷ್ಟೋ ಸಲ ಅಳು ನಿಲ್ಲುತ್ತದೆ. ಏನು ಮಾಡಿದರೂ ನಿಲ್ಲದೆ ನಿಮಗೇ ಸಿಟ್ಟು ಏರುತ್ತಿದ್ದರೆ ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ಯಾವತ್ತೂ ಹಿಡಿದು ಅಲುಗಾಡಿಸಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ಮಲಗಿಸುವಾಗ ಯಾವಾಗಲೂ ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ. ತಲೆ ಗುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು ಬೇಡ, ಮುಖದ ಹತ್ತಿರ ದಪ್ಪ ಕೌದಿ ಬೇಡ. ಜೋಲಿಯಲ್ಲಿ ಕತ್ತು ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಅದಕ್ಕೆ ಯಾರಾದರೂ ಎದುರಿಗೆ ಇರುವಾಗ ಮಾತ್ರ ತೂಗಿ, ರಾತ್ರಿಯಿಡೀ ಅದರಲ್ಲಿ ಬಿಡಬೇಡಿ. ಸೋಫಾದಲ್ಲಿ ಕುಡಿಸುತ್ತಾ ನಿದ್ದೆ ಹೋಗುವುದು ತುಂಬಾ ಅಪಾಯ. ಮಾರ್ಚ್‌ನಿಂದ ಮೇ ತನಕ ನಮ್ಮ ಕಡೆ ಸೆಕೆ ಗೊತ್ತಲ್ವಾ, ಆಗಲೂ ಟೋಪಿ, ಸ್ವೆಟರ್ ಹಾಕಿ ಸುತ್ತಿಡುತ್ತಾರೆ. ಕೂಸು ಸೆಕೆಗೂ ಏಳುತ್ತದೆ. ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಫ್ಯಾನ್ ಹಾಕಬಹುದು.

ಆರು ತಿಂಗಳ ತನಕ ಎದೆಹಾಲು ಬಿಟ್ಟರೆ ಡಾಕ್ಟರ್ ಬರೆದ ಔಷಧಿ, ವಿಟಮಿನ್ ಡಿ ಹನಿ ಅಷ್ಟೇ. ಬೇಸಿಗೆಯಲ್ಲೂ ನೀರು ಬೇಡ, ಹಾಲಿನಲ್ಲಿ ಬಹುಪಾಲು ನೀರೇ ಇರುವುದು. ಸಕ್ಕರೆ ನೀರು, ಹರಳೆಣ್ಣೆ, ಬಜೆ, ಗ್ರೈಪ್ ವಾಟರ್, ನೀರು ಬೆರೆಸಿದ ಹಸುವಿನ ಹಾಲು ಯಾವುದೂ ಬೇಡ. ಜೇನುತುಪ್ಪ ಒಂದು ವರ್ಷದ ತನಕ ನೆಕ್ಕಿಸಲೇಬಾರದು, ಬೊಟುಲಿಸಂ ಅನ್ನೋ ಕಾಯಿಲೆ ಬರಬಹುದು. ಅಜ್ಜಿಗೆ ಇದನ್ನು ಹೇಳುವುದು ಕಷ್ಟ, ನನಗೆ ಗೊತ್ತು. ಬೇಡ ಅಂತ ಬರೀ ತಡೆದರೆ ಅವರಿಗೆ ನೋವಾಗುತ್ತದೆ, ಬದಲಿಗೆ "ತೇಗು ಬರಿಸೋದು ನಿನ್ನಷ್ಟು ಚೆನ್ನಾಗಿ ನಂಗೆ ಬರಲ್ಲ ಅಜ್ಜಿ" ಅಂತ ಕೂಸನ್ನು ಅವರ ಹೆಗಲಿಗೆ ಕೊಡಿ.

ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ ಅನ್ನುವುದನ್ನೂ ಕೇಳಬೇಡಿ, ಬಾಯಾರಿದಷ್ಟು ಕುಡಿಯಿರಿ. ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ಬೇಳೆ, ಮೊಟ್ಟೆ ಹೊಟ್ಟೆ ತುಂಬಾ ತಿನ್ನಿ. ಆದರೆ ಹಾಲು ಹೆಚ್ಚುವುದು ಕುಡಿಸಿದಷ್ಟೂ.

ಕೆಲವರಿಗೆ ನಿಜವಾಗಿಯೂ ಹಾಲು ಕಡಿಮೆ ಇರುತ್ತದೆ, ಅದು ಅವರ ತಪ್ಪಲ್ಲ. ಡಾಕ್ಟರ್ ಹೇಳಿದರೆ ಪೌಡರ್ ಹಾಲು ಕೊಡಿ. ಡಬ್ಬಿಯ ಮೇಲಿನ ಅಳತೆಯೇ ಕುದಿಸಿದ ನೀರಿಗೆ ಹಾಕಿ, ದುಡ್ಡು ಉಳಿಯಲಿ ಅಂತ ತೆಳ್ಳಗೆ ಮಾಡಬೇಡಿ. ಬಾಟಲಿ ಬದಲು ತೊಳೆದು ಕುದಿಸಿದ ಒಳಲೆಯಲ್ಲಿ (ಮೂತಿ ಇರುವ ಪುಟ್ಟ ಬಟ್ಟಲು) ಕುಡಿಸಿ. ನಾನು ಪೌಡರ್ ಬಿಡಿಸಿದ್ದು ಹೀಗೆ: ಪ್ರತಿ ಸಲವೂ ಮೊದಲು ಎರಡೂ ಎದೆ, ಆಮೇಲೆ ಒಳಲೆ, ಎರಡು ದಿನಕ್ಕೊಮ್ಮೆ ಪೌಡರ್ ಸ್ವಲ್ಪ ಸ್ವಲ್ಪ ಕಡಿಮೆ, ಕ್ಯಾಲೆಂಡರಿನ ಗೀಟು ಆರಕ್ಕಿಂತ ಇಳಿಯದ ಹಾಗೆ ನೋಡಿಕೊಂಡು, ಮಧ್ಯೆ ಮಧ್ಯೆ ತೂಕ ಹಾಕಿಸಿ. ಎರಡು ವಾರ ಹಿಡಿಯಿತು.

ಇವಕ್ಕೆ ಮಾತ್ರ ಬೆಳಗಿನ ತನಕ ಕಾಯಬೇಡಿ: 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ಜ್ವರ, ಮೈ ತಣ್ಣಗಾಗುವುದು, ಎಬ್ಬಿಸಿದರೂ ಏಳದೆ ಹಾಲು ಬಿಟ್ಟಿರುವುದು, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ಹಸಿರು ವಾಂತಿ, ಫಿಟ್ಸ್, ಎಂಟು ಗಂಟೆ ಉಚ್ಚೆ ಇಲ್ಲದಿರುವುದು, ಹಳದಿ ಬಣ್ಣ ಅಂಗೈ ಅಂಗಾಲಿಗೆ ಇಳಿಯುವುದು. 108ಕ್ಕೆ ಫೋನ್ ಮಾಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ. ಬಿಸಿಲಿಗೆ ಹಿಡಿದರೆ ಕಾಮಾಲೆ ಹೋಗುತ್ತೆ ಅಂತ ಕೂರಬೇಡಿ.

ತಾಯಿಯನ್ನೂ ನೋಡಿ. ಮೊದಲ ವಾರ ಸುಮ್ನೆ ಅಳು ಬರುವುದು ತುಂಬಾ ಜನಕ್ಕೆ ಆಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಕೂಸು ಮಲಗಿದ್ದರೂ ಆಕೆಗೆ ನಿದ್ದೆ ಬರದಿದ್ದರೆ, ಕೂಸನ್ನು ಮುಟ್ಟಲು ಮನಸ್ಸಾಗದಿದ್ದರೆ, ಸಾಯೋ ಮಾತು ಬಂದರೆ ಅದು ಕಾಯಿಲೆ, ಅದಕ್ಕೆ ಔಷಧಿ ಇದೆ. ಟೆಲಿ ಮಾನಸ್ 14416, ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆಕೆಯೇ ಫೋನ್ ಮಾಡಲಿ ಅಂತ ಕಾಯಬೇಡಿ, ಆ ಸ್ಥಿತಿಯಲ್ಲಿ ಅವಳ ಕೈಲಿ ಆಗುವುದಿಲ್ಲ. ಗಂಡ, ಅವ್ವ, ಅಕ್ಕ, ಯಾರು ಮೊದಲು ನೋಡಿದರೋ ಅವರೇ ಮಾಡಬೇಕು.