ಕಾಕಾನ ಹಳೇ ಸಿಟಿಗೆ ವಿಟೆಕ್ ಹೆಡ್, ಮ್ಯಾನುಯಲ್ ಗೇರ್: ನನ್ನ ಅನುಭವ

ಎಂಜಿನ್ ಹೆಡ್ಡೂ ಗೇರ್ ಬಾಕ್ಸೂ ಬದಲಿಸಿದ ಕಾಕಾನ ಹಳೇ ಹೋಂಡಾ ಸಿಟಿಯಲ್ಲಿ ಹೋದ ವಾರ ಕಲಬುರಗಿಯಿಂದ ಹುಮನಾಬಾದಿಗೆ ಹೋಗಿ ಬಂದೆ. ಕಮಲಾಪುರ ದಾಟಿದ ಮೇಲೆ ಒಂದು ಏರು ಸಿಗುತ್ತದೆ. ಅಲ್ಲಿ ಮೂರನೇ ಗೇರಿಗೆ ಇಳಿಸಿ ರೇಸ್ ಕೊಟ್ಟೆ. ಆರ್‌ಪಿಎಂ ಮುಳ್ಳು ಐದು ಸಾವಿರದ ಹತ್ತಿರ ಬರುತ್ತಿದ್ದ ಹಾಗೆ ಎಂಜಿನ್ ದನಿ ಬದಲಾಯಿತು, ಗಾಡಿ ಮುಂದಕ್ಕೆ ಜಿಗಿಯಿತು. ಪಕ್ಕದಲ್ಲಿ ನಮ್ಮ ಗ್ಯಾರೇಜಿನ ಉಸ್ತಾದ್ ಕೂತಿದ್ದರು. "ಇದು ಆಗೂದಿಲ್ರಿ, ಸುಮ್ನ ರೊಕ್ಕ ಹಾಳ" ಅಂತ ಹತ್ತು ತಿಂಗಳ ಹಿಂದೆ ಹೇಳಿದ್ದವರು ಅವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಒತ್ರಿ, ಕೇಳೂಣು" ಅಂದರು. ಆವತ್ತೇ ಬರೆಯಬೇಕು ಅನ್ನಿಸಿತು.

ಕಾರು ಹೋಂಡಾ ಸಿಟಿ. 1998ರಿಂದ 2003ರವರೆಗೆ ನಮ್ಮಲ್ಲಿ ಬಂತಲ್ಲ, ಆ ಮೊದಲ ಮಾದರಿ. 1.5, ಆಟೋಮ್ಯಾಟಿಕ್. ಕಾಕಾ 2001ರಲ್ಲಿ ಹೊಸದಾಗಿ ತಗೊಂಡಿದ್ದರು. ಅವರಿಗೆ ಮೊಣಕಾಲು ನೋವು, ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಮೂರು ವರ್ಷ ಅಂಗಳದ ಬೇವಿನ ಮರದ ಕೆಳಗೇ ನಿಂತಿತ್ತು. ಡಿ ಗೆ ಹಾಕಿದರೆ ಮೂರು ಸೆಕೆಂಡು ಏನೂ ಆಗದೆ ಆಮೇಲೆ ಧಡ್ ಅಂತ ಹಿಡಿಯುತ್ತಿತ್ತು. ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಇಪ್ಪತ್ತು ವರ್ಷ ದುಡಿದ ಗಾಡಿ, ಅದರಲ್ಲಿ ತಪ್ಪೇನಿಲ್ಲ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಿಚ್ಚಿ ರಿಪೇರಿ ಮಾಡಲು ಹೈದರಾಬಾದಿನಲ್ಲಿ ಎಪ್ಪತ್ತು ಸಾವಿರ ಕೇಳಿದರು. ಗುಜರಿಗೆ ಕೊಟ್ಟರೆ ಮೂವತ್ತು ಸಾವಿರ ಬರುತ್ತಿತ್ತು. ಮನೆಯಲ್ಲಿ ಎಲ್ಲರೂ ಕೊಟ್ಟುಬಿಡು ಅಂದರು. ನನಗೆ ಮನಸ್ಸಾಗಲಿಲ್ಲ.

ನಾನು ಮಾಡಿದ್ದು ಹೈಬ್ರಿಡ್ ಎಂಜಿನ್. ಬ್ಯಾಟರಿ, ಮೋಟಾರಿನ ಹೈಬ್ರಿಡ್ ಅಲ್ಲ, ಎರಡು ಎಂಜಿನ್ ಸೇರಿಸಿ ಒಂದು ಮಾಡಿದ್ದು. ಕೆಳಗೆ ಪಿಸ್ಟನ್ ಓಡುವ ನನ್ನ ಹಳೇ ಬ್ಲಾಕ್, ಮೇಲೆ ವಾಲ್ವ್‌ಗಳಿರುವ ಸಿಟಿ ವಿಟೆಕ್‌ನ ಹೆಡ್. ವಿಟೆಕ್ ಅಂದರೆ ರೇಸ್ ಏರಿದಾಗ ಆಯಿಲ್ ಒತ್ತಡದಿಂದ ವಾಲ್ವ್ ಹೆಚ್ಚು ತೆರೆಯುವ ಹೋಂಡಾದ ವ್ಯವಸ್ಥೆ. ಎರಡೂ 1493 ಸಿಸಿ, ಬೋರ್ (ಸಿಲಿಂಡರಿನ ಅಗಲ) 75 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 84.5. ಪೂರ್ತಿ ವಿಟೆಕ್ ಎಂಜಿನ್ನೇ ಯಾಕೆ ಹಾಕಲಿಲ್ಲ ಅಂತ ತುಂಬಾ ಜನ ಕೇಳಿದರು. ಒಂದು, ನನಗೆ ಸಿಕ್ಕಿದ ವಿಟೆಕ್‌ನಲ್ಲಿ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಗೆ ಬಂದಿತ್ತು, ಹೆಡ್ ಮಾತ್ರ ಚಿನ್ನದ ಹಾಗಿತ್ತು. ಎರಡು, ಎಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೆ. ಬ್ಲಾಕ್ ನನ್ನದೇ ಆದ್ದರಿಂದ ಆರ್‌ಸಿಯಲ್ಲಿರುವ ನಂಬರೇ ಉಳಿಯಿತು. ಆದರೂ ಗೇರ್ ಬಾಕ್ಸ್ ಬದಲಿಸಿದ್ದಕ್ಕೆ ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಮೊದಲೇ ಕೇಳಿಕೊಳ್ಳಿ. ನಾನು ಕೇಳಿದೆ.

ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಬಂತು. ಮಾಮೂಲಿ 1.5 ಗೆ 100 ಕುದುರೆ, ವಿಟೆಕ್‌ಗೆ 106. ಆರು ಕುದುರೆಗೆ ಇಷ್ಟು ಖರ್ಚಾ? ಲೆಕ್ಕ ಹಾಗಲ್ಲ. ಆಟೋಮ್ಯಾಟಿಕ್‌ನಲ್ಲಿ ಅರ್ಧ ಜೀವ ಅಲ್ಲೇ ಹೋಗುತ್ತಿತ್ತು. ಮ್ಯಾನುಯಲ್ ಗೇರ್ ಬಂದು, ಮೇಲಿನ ರೇಸಿನಲ್ಲಿ ಉಸಿರಾಡುವ ಹೆಡ್ ಬಂದರೆ ಗಾಡಿ ಬೇರೆಯೇ ಆಗುತ್ತದೆ. ಓಡಿಸಿದವರಿಗೆ ಗೊತ್ತು.

ಹೈದರಾಬಾದಿನ ಗುಜರಿಯಿಂದ ಹೆಡ್, ಮ್ಯಾನಿಫೋಲ್ಡ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ಮೀಟರ್, ಮೂರು ಪೆಡಲಿನ ಸೆಟ್ ಎಲ್ಲಾ ಸೇರಿ 32 ಸಾವಿರಕ್ಕೆ ತಂದೆ. ಗುಜರಿಯವನು ವೈರಿಂಗ್ ಕತ್ತರಿಸಿ ಕೊಡಲು ಬಂದಿದ್ದ. ಬೇಡ ಅಂತ ಹೇಳಿ, ಅಲ್ಲೇ ಬಿಸಿಲಲ್ಲಿ ಕೂತು ಒಂದೊಂದು ಕ್ಲಿಪ್ ಬಿಚ್ಚಿಕೊಂಡೆ. ನಾಲ್ಕು ತಾಸು ಹಿಡಿಯಿತು. ಅದರಿಂದ ಆಮೇಲೆ ನಾಲ್ಕು ವಾರ ಉಳಿತಾಯವಾಯಿತು.

ಬ್ಲಾಕ್ ಹೋನ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಉಜ್ಜಿಸಿ) ಹೊಸ ರಿಂಗ್ ಹಾಕಿದೆ. ಪಿಸ್ಟನ್ ಹಳೆಯವೇ. ಹಳೇ ಪಿಸ್ಟನ್ನಿಗೆ ಹೊಸ ಹೆಡ್ಡಿನ ವಾಲ್ವ್ ಬಡಿಯುತ್ತದೆ ಅಂತ ಉಸ್ತಾದರಿಗೆ ಹೆದರಿಕೆ. ಮಗಳ ಆಟದ ಕ್ಲೇ ತಂದು ಪಿಸ್ಟನ್ ಮೇಲೆ ಉಂಡೆ ಮಾಡಿ ಅಂಟಿಸಿದೆ, ಮೇಲೆ ಸ್ವಲ್ಪ ಆಯಿಲ್ ಸವರಿದೆ. ಹಳೇ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಬೆಲ್ಟ್ ಹಾಕಿ, ಕೈಯಿಂದ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಹೆಡ್ ಎತ್ತಿದರೆ ಕ್ಲೇ ಮೇಲೆ ವಾಲ್ವಿನ ಅರ್ಧಚಂದ್ರದ ಗುರುತು ಸ್ಪಷ್ಟವಾಗಿ ಬಿದ್ದಿತ್ತು. ಬ್ಲೇಡಿನಿಂದ ಕತ್ತರಿಸಿ, ತೆಳುವಾದ ಕಡೆ ವರ್ನಿಯರ್ ಇಟ್ಟೆ. ಎರಡು ಮಿಲಿಮೀಟರಿಗಿಂತ ಜಾಸ್ತಿ ಇತ್ತು. ಆ ಕ್ಲೇ ತುಂಡನ್ನು ಬಾಟಲಿ ಮುಚ್ಚಳದಲ್ಲಿ ಇಟ್ಟು ಉಸ್ತಾದರ ಕೈಗೇ ಕೊಟ್ಟೆ. ಒಂದು ಮಾತು ನೆನಪಿರಲಿ, ಈ ಎಂಜಿನ್ ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ. ಗ್ಯಾರೇಜಿನ ಹುಡುಗ ರೂಢಿಯಂತೆ ಬಲಕ್ಕೆ ತಿರುಗಿಸಿ ಟೈಮಿಂಗ್ ಒಂದು ಹಲ್ಲು ತಪ್ಪಿಸಿದ್ದ. ಮತ್ತೆ ಮೊದಲಿನಿಂದ ಕೂರಿಸಬೇಕಾಯಿತು.

ದೀಪಾವಳಿಗೆ ಎರಡು ದಿನ ಮೊದಲು ಎಲ್ಲಾ ಸೇರಿಸಿ ಚಾವಿ ತಿರುಗಿಸಿದರೆ ಸ್ಟಾರ್ಟರ್ ಟಿಕ್ ಅನ್ನಲೂ ಇಲ್ಲ. ಬ್ಯಾಟರಿ ಬದಲಿಸಿದೆವು, ಅರ್ತ್ ಬದಲಿಸಿದೆವು, ಸ್ಟಾರ್ಟರ್ ಬಿಚ್ಚಿ ನೋಡಿದೆವು, ಒಂದು ಇಡೀ ದಿನ ಹಾಳು. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ ಅಲ್ವಾ, ಆ ಸ್ವಿಚ್ಚೇ ಈಗ ಇಲ್ಲ! ಅದನ್ನು ಸುಮ್ನೆ ಜೋಡಿಸಿಬಿಡುವವರು ಇದ್ದಾರೆ. ನಾನು ಕ್ಲಚ್ ಪೆಡಲಿಗೆ ಸ್ವಿಚ್ ಕೂರಿಸಿದೆ. ಕ್ಲಚ್ ತುಳಿಯದೆ ಈಗ ನನ್ನ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಎಂಜಿನ್ ಹತ್ತಿತು, ಆದರೆ ವಿಟೆಕ್ ಹಿಡಿಯಲಿಲ್ಲ. ಚೆಕ್ ಲೈಟ್ ಬಂತು. ಸರ್ವಿಸ್ ಕನೆಕ್ಟರಿಗೆ ತಂತಿ ಹಾಕಿ ಲೈಟ್ ಎಣಿಸಿದೆ. ಎರಡು ಉದ್ದ, ಎರಡು ಗಿಡ್ಡ. 22. ಅಂದರೆ ವಿಟೆಕ್ ಆಯಿಲ್ ಪ್ರೆಷರ್ ಸ್ವಿಚ್. ಸ್ವಿಚ್ ಹೊಸದು ಹಾಕಿದೆ, ಮತ್ತೆ ಅದೇ. ವಿಟೆಕ್‌ಗೆ ಆಯಿಲ್ ದಾರಿ ತೆರೆಯುವ ಸೊಲೆನಾಯ್ಡ್‌ನ ಜಾಲರಿ ತೊಳೆದೆ, ಮತ್ತೆ ಅದೇ. ಕೊನೆಗೆ ಗೇಜ್ ಹಾಕಿ ನೋಡಿದರೆ ಹೆಡ್ಡಿಗೆ ಆಯಿಲ್ ಒತ್ತಡವೇ ಸಾಲುತ್ತಿರಲಿಲ್ಲ. ಬ್ಲಾಕಿನಿಂದ ಹೆಡ್ಡಿಗೆ ಆಯಿಲ್ ಏರುವ ದಾರಿಯಲ್ಲಿ ಒಂದು ಪುಟ್ಟ ಜೆಟ್ ಇರುತ್ತದೆ, ಕಿರುಬೆರಳ ಉಗುರಿನಷ್ಟು. ನನ್ನ ಬ್ಲಾಕಿನಲ್ಲಿದ್ದದ್ದು ಮಾಮೂಲಿ ಹೆಡ್ಡಿನದು. ವಿಟೆಕ್‌ನದು ಆ ಒಡೆದ ಬ್ಲಾಕಿನಲ್ಲೇ ಉಳಿದಿತ್ತು, ಗುಜರಿಯಲ್ಲಿ. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು 220 ಕಿಲೋಮೀಟರ್ ಹೋದೆ. ಬ್ಲಾಕ್ ಇನ್ನೂ ಕರಗಿಸಲು ಹೋಗಿರಲಿಲ್ಲ, ನನ್ನ ಪುಣ್ಯ. ಅವನು ದುಡ್ಡೂ ತಗೊಳ್ಳಲಿಲ್ಲ. ಆದರೆ ಅದನ್ನು ಹಾಕಲು ಹೆಡ್ ಮತ್ತೆ ಇಳಿಸಬೇಕು, ಗ್ಯಾಸ್ಕೆಟ್ ಮತ್ತೆ ಹೊಸದು. ಹೋಗಿ ಬಂದ ಖರ್ಚು ಸೇರಿ ಏಳು ಸಾವಿರ ಆ ಉಗುರಿನಷ್ಟು ಜೆಟ್ಟಿಗೆ ಹೋಯಿತು. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಹೆಡ್ ಕೂರಿಸುವ ಮೊದಲು ಇದನ್ನು ನೋಡಿ.

ಗೇರ್ ಬಾಕ್ಸಿನದು ಇನ್ನೊಂದು ಕಥೆ. ಮೊದಲು ಸೊಲ್ಲಾಪುರದಿಂದ 9 ಸಾವಿರಕ್ಕೆ ಒಂದು ತಂದೆ. ನ್ಯೂಟ್ರಲ್‌ನಲ್ಲಿ ಗರ್ ಅಂತ ಸದ್ದು, ಕ್ಲಚ್ ತುಳಿದರೆ ಸದ್ದು ಮಾಯ. ಗೊತ್ತಿದ್ದವರಿಗೆ ಇಷ್ಟೇ ಸಾಕು, ಇನ್‌ಪುಟ್ ಶಾಫ್ಟ್ ಬೇರಿಂಗ್ ಹೋಗಿದೆ. ಬಿಚ್ಚಿದರೆ ಒಳಗಿನ ಹಲ್ಲುಗಳೂ ಸವೆದಿದ್ದವು. ಆ ದುಡ್ಡು ನೀರಿಗೆ ಹೋಯಿತು. ಎರಡನೆಯದು 14 ಸಾವಿರ, ಕೈಯಿಂದ ಶಾಫ್ಟ್ ಅಲ್ಲಾಡಿಸಿ ನೋಡಿಯೇ ತಂದೆ. ಅದಕ್ಕೆ ಗ್ಯಾರೇಜಿನವರು ಎಲ್ಲಾ ಗಾಡಿಗೂ ಹಾಕುವ ಹಾಗೆ 90 ನಂಬರ್ ಆಯಿಲ್ ಸುರಿದಿದ್ದರು. ಡಿಸೆಂಬರಿನ ಚಳಿಯಲ್ಲಿ ಬೆಳಿಗ್ಗೆ ಎರಡನೇ ಗೇರ್ ಬೀಳುತ್ತಲೇ ಇರಲಿಲ್ಲ, ಕರ್ ಅನ್ನುತ್ತಿತ್ತು. ಬಸಿದು ಹೋಂಡಾದ ಗೇರ್ ಆಯಿಲ್ ಹಾಕಿದ ದಿನವೇ ಬೆಣ್ಣೆ. ಡ್ರೈವ್ ಶಾಫ್ಟೂ ಮ್ಯಾನುಯಲ್ ಗಾಡಿಯದೇ ತಂದೆ, ಜೋಡಿಗೆ ಏಳು ಸಾವಿರ. ಫ್ಲೈವೀಲ್, ಅಂದರೆ ಎಂಜಿನ್ನಿಗೂ ಕ್ಲಚ್ಚಿಗೂ ನಡುವಿನ ಭಾರದ ಚಕ್ರ, ಅದರ ಬೋಲ್ಟ್ ಕೂಡ ಬೇರೆ. ಆಟೋಮ್ಯಾಟಿಕ್‌ನ ತೆಳು ಪ್ಲೇಟಿನ ಬೋಲ್ಟ್ ಗಿಡ್ಡ, ಅದನ್ನು ಫ್ಲೈವೀಲಿಗೆ ಹಾಕಿದರೆ ಎರಡೇ ಸುತ್ತು ಹಿಡಿಯುತ್ತದೆ. ಅಪಾಯ.

ಗೇರ್ ಲಿವರಿನ ಆಟ ಕಡಿಮೆ ಮಾಡಲು ಲಿಂಕೇಜ್ ಬುಶ್‌ಗೆ ಏನು ಹಾಕಿದೆ, ಆಟೋಮ್ಯಾಟಿಕ್ ವೈರಿಂಗಿನಲ್ಲಿ ವಿಟೆಕ್ ಇಸಿಯು ಲೈಟ್ ಬರದ ಹಾಗೆ ಯಾವ ಎರಡು ತಂತಿ ಎಲ್ಲಿಗೆ ಹೋದವು, ಇವೆರಡನ್ನು ಇಲ್ಲಿ ಹೇಳುವುದಿಲ್ಲ. ಆ ತಂತಿಗೆ ಹನ್ನೊಂದು ರಾತ್ರಿ ಹೋಗಿವೆ. ಎದುರಿಗೆ ಬಂದು ಕೂತವರಿಗೆ ತೋರಿಸುತ್ತೇನೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಕಪನೂರಿನ ಲೇತಿನಲ್ಲಿ ಫ್ಲೈವೀಲ್ ಸುಮಾರು ಒಂದೂಕಾಲು ಕಿಲೋ ಹಗುರ ಮಾಡಿಸಿದೆ. ರೇಸ್ ಚುರುಕಾಗಿ ಏರುತ್ತಿತ್ತು, ನಿಜ. ಆದರೆ ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಐಡಲ್ ಏರಿ ಇಳಿದು ಗಾಡಿ ಆರಿಹೋಗುತ್ತಿತ್ತು. ನಮ್ಮ ಊರಿನ ಬೇಸಿಗೆಯಲ್ಲಿ ಎಸಿ ಇಲ್ಲದೆ ಆಗುತ್ತದಾ? ಮತ್ತೆ ಮಾಮೂಲಿ ಫ್ಲೈವೀಲ್ ಹಾಕಿದೆ. ಏರ್ ಪೈಪ್ ಬಂಪರಿನ ಕೆಳಗೆ ಇಳಿಸಿ ತಣ್ಣನೆ ಗಾಳಿ ಕೊಡಲು ನೋಡಿದೆ. ಒಂದು ಕಡೆ ಶಹಾಬಾದ್ ಕಲ್ಲಿನ ಲಾರಿಗಳ ಪುಡಿ, ಇನ್ನೊಂದು ಕಡೆ ತೊಗರಿ ರಾಶಿಯ ಹೊಟ್ಟು. ಹದಿನೈದು ದಿನಕ್ಕೆ ಫಿಲ್ಟರ್ ಕಂಬಳಿ ಆಗಿತ್ತು. ಅದನ್ನೂ ಮೊದಲಿನ ಜಾಗಕ್ಕೇ ಹಾಕಿದೆ.

ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಲ್ಲಿ, ಮಧ್ಯಾಹ್ನ ಎರಡಕ್ಕೆ, ಬೇಕಂತಲೇ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಎಸಿ ಹಾಕಿ ಮುಕ್ಕಾಲು ತಾಸು ಓಡಿಸಿದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ರೇಡಿಯೇಟರ್ ಹಳೆಯದೇ. ಅದರ ಕೆಳಗಿನ ಟ್ಯಾಂಕಿನಲ್ಲಿ ಆಟೋಮ್ಯಾಟಿಕ್ ಆಯಿಲ್ ತಣಿಸುವ ಎರಡು ಪೈಪ್ ಇದ್ದವು, ಈಗ ಆ ಬಿಸಿಯೂ ಇಲ್ಲ, ಮುಚ್ಚಿಬಿಟ್ಟೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಹೆಡ್ ಮತ್ತೆ ಅದರ ಜೊತೆಯ ಸಾಮಾನು 32 ಸಾವಿರ, ಎರಡು ಗೇರ್ ಬಾಕ್ಸ್ 23, ಶಾಫ್ಟ್ 7, ಕ್ಲಚ್ ಸೆಟ್ 6, ರಿಂಗ್, ಬೆಲ್ಟ್, ವಾಟರ್ ಪಂಪ್, ಗ್ಯಾಸ್ಕೆಟ್ ಎಲ್ಲಾ ಸೇರಿ 15ರ ಆಸುಪಾಸು, ಲೇತ್ ಕೆಲಸ 5, ಜೆಟ್ಟಿನ ಏಳು, ಕೂಲಿ 15. ಒಂದು ಲಕ್ಷದ ಹತ್ತು ಸಾವಿರ ಅಂತ ಇಟ್ಟುಕೊಳ್ಳಿ. ಅದರಲ್ಲಿ ಇಪ್ಪತ್ತು ಸಾವಿರವಾದರೂ ನನ್ನ ತಪ್ಪಿನದು, ಇದನ್ನು ಓದಿದವರಿಗೆ ಅದು ಉಳಿಯುತ್ತದೆ. ಮೊದಲು ಊರೊಳಗೆ ಲೀಟರಿಗೆ ಎಂಟು ಒಂಬತ್ತು ಕಿಲೋಮೀಟರ್ ಕೊಡುತ್ತಿತ್ತು, ಈಗ ಹನ್ನೆರಡು. ರೋಡಿನಲ್ಲಿ ಹದಿನೈದರ ಮೇಲೆ. ಆಯಿಲ್ ಕುಡಿಯುವುದು ನಿಂತಿದೆ, ಐದು ಸಾವಿರ ಕಿಲೋಮೀಟರ್ ಆಯಿತು, ಡಿಪ್‌ಸ್ಟಿಕ್ ಗುರುತು ಕೆಳಗೆ ಇಳಿದಿಲ್ಲ.

ಉಸ್ತಾದ್ ಈಗ ಬಂದ ಗಿರಾಕಿಗಳಿಗೆಲ್ಲ ಬಾನೆಟ್ ತೆಗೆದು ತೋರಿಸುತ್ತಾರೆ. ಕಾಕು ಒಮ್ಮೆ ಕೂತು ಶರಣಬಸವೇಶ್ವರ ಗುಡಿಗೆ ಹೋಗಿ ಬಂದರು. ಸೀಟಿನ ಮೇಲೆ ಕಾಕಾ ಹಾಕಿಸಿದ್ದ ಕವರನ್ನೇ ಬಿಟ್ಟಿದ್ದೇನೆ. ಹಳೇ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬೇವಿನ ಮರದ ಕೆಳಗೆ ಗೋಣಿಚೀಲ ಹೊದ್ದು ಕೂತಿದೆ. ಬೀದರಿನ ಒಬ್ಬರು ಬಿಡಿಭಾಗಕ್ಕೆ ಅಂತ ಆರು ಸಾವಿರಕ್ಕೆ ಕೇಳಿದ್ದಾರೆ, ನಾನು ಎಂಟು ಅಂದಿದ್ದೇನೆ.