ನಡಾವಳಿ ಪುಸ್ತಕದ ಮುಂದೆ ಕುಳಿತವರು

ನನ್ನ ಅತ್ತೆಯವರು 1987ರಲ್ಲಿ, ಈಗಿನ ಗ್ರಾಮ ಪಂಚಾಯಿತಿಗಳಿಗೆ ಮೊದಲು ಇದ್ದ ಮಂಡಲ ಪಂಚಾಯಿತಿಯ ಸದಸ್ಯೆಯಾಗಿದ್ದರು. 1983ರ ಪಂಚಾಯಿತಿ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟು ನಡೆದ ಚುನಾವಣೆ ಅದು. ಸಭೆ ಮುಗಿದ ಮೇಲೆ, ಅಲ್ಲಿನ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು, ಅವರು ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ನಾನು 2015ರಲ್ಲಿ ಹಿರಿಯೂರು ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಗೆ ಆಯ್ಕೆಯಾದಾಗ ಮೀಸಲಾತಿ ಶೇ 50ಕ್ಕೆ ಏರಿತ್ತು, ಸ್ಪರ್ಧಿಸಲು 21 ವರ್ಷ ತುಂಬಿದ್ದರೆ ಸಾಕಿತ್ತು. ಆದರೂ ನಮ್ಮ ಸಭೆಯಲ್ಲಿ ಮೂವತ್ತರೊಳಗಿನ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ. ಓದಿದ ಹುಡುಗಿಯರು ಊರಲ್ಲಿದ್ದರು, ಆದರೆ ಅವರನ್ನು ಕೇಳಿದವರು ಯಾರೂ ಇರಲಿಲ್ಲ.

ಕೇಳುವ ಕೆಲಸವನ್ನು ನಾನು 2018ರಲ್ಲಿ ಆರಂಭಿಸಿದೆ, ಮತ್ತು ಆರಂಭದಲ್ಲೇ ತಪ್ಪು ಮಾಡಿದೆ. ಹಿರಿಯರ ಒಪ್ಪಿಗೆಯಿಲ್ಲದೆ ಏನೂ ನಡೆಯದೆಂದು ಭಾವಿಸಿ ಮೊದಲು ಮಾವಂದಿರ ಬಳಿ, ಗಂಡಂದಿರ ಬಳಿ ಮಾತನಾಡಿದೆ. ಅವರು ಸಂತೋಷದಿಂದಲೇ ಒಪ್ಪಿದರು, ಆದರೆ ಆ ಒಪ್ಪಿಗೆಯ ಒಳಗೆ ‘ಹೆಸರು ಅವಳದಿರಲಿ, ಓಡಾಟ ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತು ಸೇರಿತ್ತು. ಆಮೇಲೆ ಕ್ರಮ ಬದಲಿಸಿದೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರನ್ನು, ಡೈರಿಗೆ ಹಾಲು ಹಾಕಲು ಬರುವವರನ್ನು ನೇರವಾಗಿ ಕೇಳಿದೆ. ಚುನಾವಣೆಯ ಮಾತನ್ನಂತೂ ಎತ್ತಲೇ ಇಲ್ಲ, ‘ಈ ಸಲ ವಾರ್ಡ್ ಸಭೆಗೆ ನನ್ನ ಜೊತೆ ಬಾ, ಒಂದೇ ಪ್ರಶ್ನೆ ಕೇಳು’ ಎಂದಷ್ಟೇ ಹೇಳುತ್ತಿದ್ದೆ.

ಒಬ್ಬಳನ್ನು ನೆನೆಯುತ್ತೇನೆ. ಬಿ.ಕಾಂ. ಓದಿ ಮದುವೆಯಾಗಿ ಬಂದ ಸೊಸೆ, ಇಪ್ಪತ್ಮೂರು ವರ್ಷ. ನೀರಿನ ಟ್ಯಾಂಕನ್ನು ಕೊನೆಯದಾಗಿ ತೊಳೆದದ್ದು ಯಾವಾಗ ಎಂಬ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಎದ್ದು ನಿಂತಾಗ ಚೀಟಿ ಹಿಡಿದ ಕೈ ನಡುಗುತ್ತಿತ್ತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿತ್ತು. ಪ್ರಶ್ನೆ ಕೇಳಿ ಕುಳಿತಳು. ಟ್ಯಾಂಕ್ ಆ ವಾರವೇ ತೊಳೆಯಲ್ಪಟ್ಟಿತು. ಮುಂದಿನ ಸಭೆಗೆ ನಾನು ಕರೆಯಬೇಕಾಗಲಿಲ್ಲ, ಅವಳೇ ನರೇಗಾ ಕೂಲಿಯ ವಿಚಾರ ಎತ್ತಿದಳು, ಮತ್ತಿಬ್ಬರನ್ನು ಜೊತೆಗೆ ಕರೆತಂದಿದ್ದಳು. ಯಾವ ಭಾಷಣಕ್ಕಿಂತಲೂ ಈ ಒಂದು ಟ್ಯಾಂಕ್ ಹೆಚ್ಚು ಕೆಲಸ ಮಾಡಿತೆಂದು ನಾನು ಇಂದಿಗೂ ನಂಬುತ್ತೇನೆ.

ಆದರೆ 2020ರ ಡಿಸೆಂಬರ್ ಚುನಾವಣೆ ಘೋಷಣೆಯಾದಾಗ ಆ ಮೂವರಲ್ಲಿ ಒಬ್ಬಳ ಹೆಸರು ಇನ್ನೂ ತವರೂರಿನ ಮತದಾರರ ಪಟ್ಟಿಯಲ್ಲೇ ಇತ್ತು. ಪಂಚಾಯಿತಿ ವ್ಯಾಪ್ತಿಯ ಮತದಾರಳಾಗಿರದವಳು ಇಲ್ಲಿ ನಿಲ್ಲುವಂತಿಲ್ಲ. ಎರಡು ವರ್ಷದ ತಯಾರಿ ಒಂದು ಸಾಲಿನ ಮುಂದೆ ನಿಂತುಹೋಯಿತು, ಅದನ್ನು ಮೊದಲೇ ನೋಡದಿದ್ದ ಹೊಣೆ ನನ್ನದು. ಮದುವೆಯ ನಂತರ ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಇರುವ ಆತುರ ಮತದಾರರ ಪಟ್ಟಿಗೆ ಇರುವುದಿಲ್ಲ. ಈಗ ಹೊಸ ಸೊಸೆ ಊರಿಗೆ ಬಂದರೆ ನಾನು ಮೊದಲು ವಿಚಾರಿಸುವುದೇ ಇದನ್ನು.

ಉಳಿದ ಇಬ್ಬರು ನಿಂತರು. ಹಣದ ಭಯ ಅವರಿಗೆ ಬಹಳವಿತ್ತು, ಮಹಿಳೆಯರಿಗೆ ಠೇವಣಿ ನೂರು ರೂಪಾಯಿ ಎಂದು ತಿಳಿದಾಗ ಅರ್ಧ ಭಯ ಕಳೆಯಿತು. ಪಕ್ಷದ ಟಿಕೆಟ್ಟಿನ ಗೋಜಿಲ್ಲ, ಚುನಾವಣಾ ಆಯೋಗ ಕೊಡುವ ಚಿಹ್ನೆಯಲ್ಲೇ ಸ್ಪರ್ಧೆ. ಒಬ್ಬಳು ಮಹಿಳಾ ಮೀಸಲು ಸ್ಥಾನಕ್ಕೆ, ಇನ್ನೊಬ್ಬಳು ಸಾಮಾನ್ಯ ಸ್ಥಾನಕ್ಕೆ ನಾಮಪತ್ರ ಸಲ್ಲಿಸಿದರು. ಸಾಮಾನ್ಯ ಸ್ಥಾನವೆಂದರೆ ಗಂಡಸರ ಸ್ಥಾನವೆಂದೇ ಊರಿನ ತಿಳಿವಳಿಕೆ. ಮೀಸಲಾತಿ ಸರದಿಯಂತೆ ಬದಲಾಗುವುದರಿಂದ, ಸಾಮಾನ್ಯ ಸ್ಥಾನಕ್ಕೆ ನಿಲ್ಲುವ ಧೈರ್ಯವಿಲ್ಲದ ಹೆಣ್ಣುಮಗಳ ರಾಜಕೀಯ ಒಂದೇ ಅವಧಿಗೆ ಮುಗಿದುಹೋಗುತ್ತದೆ ಎಂದು ನಾನು ಅವಳಿಗೆ ಬಿಡಿಸಿ ಹೇಳಿದ್ದೆ. ನಾಮಪತ್ರ ಹಿಂಪಡೆಯುವ ದಿನದವರೆಗೂ ಅವಿರೋಧ ಆಯ್ಕೆಯ ಹೆಸರಿನಲ್ಲಿ ಒತ್ತಡ ಬಂತು. ಕೊನೆಯ ಎರಡು ದಿನ ನಾನು ಅವಳ ಮನೆಯ ಜಗಲಿಯ ಮೇಲೆ ಕುಳಿತಿದ್ದೆ, ಮಾತಾಡಲು ಬಂದವರು ನನ್ನನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ಅವಳು ಹಿಂಪಡೆಯಲಿಲ್ಲ. ಕೆಲವೇ ಮತಗಳಿಂದ ಸೋತಳು, ಅದು ನನಗೆ ಇಂದಿಗೂ ನೋವು, ಆದರೆ ಮುಂದಿನ ಸಲ ಮತ್ತೆ ನಿಲ್ಲುವೆನೆಂದು ಅವಳೇ ಹೇಳಿದ್ದಾಳೆ.

ಗೆದ್ದವಳು ಟ್ಯಾಂಕಿನ ಹುಡುಗಿ. ಅವಳ ಮೊದಲ ಸಭೆಯ ದಿನ ನಾನು ಕಚೇರಿಯ ಹೊರಗೆ ಬೆಂಚಿನ ಮೇಲಿದ್ದೆ. ಸಭೆ ಮುಗಿದ ಮೇಲೆ ಪುಸ್ತಕ ಅವಳ ಮುಂದೆ ಬಂತು. ಪೆನ್ನಿನ ಮುಚ್ಚಳ ತೆಗೆಯದೆ, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದಳು. ಉಳಿದ ಸದಸ್ಯರು ಕಾದರು.